ಆರು ಕೊಂಬಿನ ರೂಟರ್ ಮತ್ತು ಕೇಬಲ್ ಅಣ್ಣ

ಅವರ ಬಲಗೈಯ ನಡುಬೆರಳಿನ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪಗೆ ಚರ್ಮ ಜಡ್ಡುಗಟ್ಟಿತ್ತು. ಕಂಡವರ ಮನೆಯ ಗೋಡೆಗಳನ್ನು ವರ್ಷಾನುಗಟ್ಟಲೆ ಕುಟ್ಟಿ ಕುಟ್ಟಿ ಬಂದದ್ದು ಅದು. ಯಾರ ಮನೆಗೆ ಕಾಲಿಟ್ಟರೂ ಮೊದಲು ಗೋಡೆಯ ಹತ್ತಿರ ಹೋಗಿ, ತಲೆ ಓರೆ ಮಾಡಿ, ಟಕ್ ಟಕ್ ಎಂದು ಎರಡು ಸಲ ಬಡಿಯುತ್ತಿದ್ದರು. ಇಟ್ಟಿಗೆಯೋ, ಸಿಮೆಂಟ್ ಬ್ಲಾಕೋ, ಒಳಗೆ ಕಬ್ಬಿಣ ಓಡಿದೆಯೋ ಎಂಬುದನ್ನು ಆ ಸದ್ದಿನಲ್ಲೇ ಹೇಳಿಬಿಡುತ್ತಿದ್ದರು. ಬೆಂಗಳೂರಿನ ಹೂಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಕೇಬಲ್ ಅಣ್ಣ ಎಂದು. ಟಿವಿ ಕೇಬಲ್ಲಿನ ಕಾಲ ಮುಗಿದು ಇಂಟರ್ನೆಟ್ಟಿನ ಕಾಲ ಬಂದರೂ, ಅವರಿಗೆ ಅರವತ್ತು ದಾಟಿದರೂ ಆ ಹೆಸರು ಬದಲಾಗಲಿಲ್ಲ.

ಅವರು ಹೂಡಿಯ ಹಳೇ ಮನೆತನದವರು. ಅವರ ತಾತ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಹನ್ನೆರಡು ಮಹಡಿಯ ಗಾಜಿನ ಕಟ್ಟಡವಿದೆ. ಅದರ ಪಕ್ಕದ ಕಂಬಕ್ಕೆ ಏಣಿ ಹಾಕಿಕೊಂಡು ಇವರು ವೈರ್ ಎಳೆಯುತ್ತಿದ್ದರು. ಹೊಲ ಹೋದದ್ದಕ್ಕೆ ಕಣ್ಣೀರು ಹಾಕುವವರ ಪೈಕಿ ಅಲ್ಲ. "ರಾಗಿ ಬೆಳೀತಿದ್ದಾಗ್ಲೂ ಬೆನ್ನು ನೋಯ್ತಿತ್ತು, ಈಗ್ಲೂ ನೋಯ್ತದೆ. ಏನ್ ವ್ಯತ್ಯಾಸ?" ಎನ್ನುತ್ತಿದ್ದರು. ಬೇಕರಿಯ ಪಕ್ಕದಲ್ಲಿ ಒಂದೇ ಷಟರ್‌ನ ಅಂಗಡಿ ಇಟ್ಟುಕೊಂಡಿದ್ದರು. ಬೆಳಿಗ್ಗೆ ಎಂಟಕ್ಕೆ ಕಂಪ್ಲೇಂಟ್ ಹೇಳಿದರೆ ಒಂಬತ್ತಕ್ಕೆ ಬಾಗಿಲ ಮುಂದೆ ಇರುತ್ತಿದ್ದರು.

ನಾನು ಅವರಿಗೆ ಮೊದಲ ಸಲ ಫೋನ್ ಮಾಡಿದಾಗ, ನೆಟ್ ಸರಿಯಾಗಿ ಬಾರದೆ ನನ್ನ ತಲೆ ಕೆಟ್ಟು ಹೋಗಿತ್ತು. ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಹೊರಗೊಂದು ಕೋಣೆ, ಒಳಗೊಂದು ಕೋಣೆ, ಅಡುಗೆಮನೆ, ಅದಕ್ಕೆ ಅಂಟಿಕೊಂಡಂತೆ ಒಂದು ಚಿಕ್ಕ ಕೋಣೆ. ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ಅದರ ಮೇಲೊಂದು ನೀರಿನ ಪೈಪು. ಮೂರು ವರ್ಷ ನಾನು ನೋಡಿದ ಹೊರಜಗತ್ತು ಆ ಪೈಪೇ. ಗಂಡನಿಗೆ ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಮನೆಯಲ್ಲಿ ನಾನು ಮತ್ತು ಅತ್ತೆ.

ಅತ್ತೆ ಮಾಲೂರಿನ ಒಂದು ಶಾಲೆಯಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ನಮ್ಮಲ್ಲಿಗೆ ಬಂದ ಮೇಲೆ ಮರೆವಿನ ಕಾಯಿಲೆ ಶುರುವಾಯಿತು. ಒಂದು ಸಲ ಹೇಳದೆ ಕೇಳದೆ ಮನೆಯಿಂದ ಹೋದವರು ಸಂಜೆ ಮಾರ್ಕೆಟ್ಟಿನ ಹತ್ತಿರ ಸಿಕ್ಕರು. ಇನ್ನೊಂದು ಸಲ ಹೂಡಿ ರೈಲ್ವೆ ಸ್ಟೇಷನ್ನಿನಲ್ಲಿ ಮಾಲೂರಿನ ಗಾಡಿಗಾಗಿ ಕಾಯುತ್ತ ಕೂತಿದ್ದರು. ಅಂದಿನಿಂದ ಮುಂಬಾಗಿಲಿಗೆ ಒಳಗಿನಿಂದಲೇ ಬೀಗ. ಕೀಲಿ ನನ್ನ ನೈಟಿಯ ಜೇಬಿನಲ್ಲಿ. ಅವರು ದಿನಕ್ಕೆ ಹತ್ತು ಸಲ ಬಾಗಿಲಿನ ಹತ್ತಿರ ಹೋಗಿ ಬೀಗ ಎಳೆದು ನೋಡಿ ವಾಪಸ್ಸು ಬರುತ್ತಿದ್ದರು. ಅವರನ್ನು ನಾನು ಕೂಡಿಹಾಕಿದ್ದೇನೆ ಎಂದು ಅವರಿಗೆ ಅನ್ನಿಸುತ್ತಿತ್ತು, ನನ್ನನ್ನು ಅವರು ಕೂಡಿಹಾಕಿದ್ದಾರೆ ಎಂದು ನನಗೆ.

ನನ್ನ ಕೆಲಸ ಇದ್ದದ್ದು ಒಂದು ವಿಮಾ ಕಂಪನಿಯಲ್ಲಿ. ಆಸ್ಪತ್ರೆಗಳ ಬಿಲ್ಲು ನೋಡಿ, ಅಲ್ಲಿಗೆ ಫೋನ್ ಮಾಡಿ, ಕ್ಲೇಮ್ ಸರಿಯೋ ತಪ್ಪೋ ಹೇಳುವುದು. ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಅತ್ತೆಯ ಸ್ಥಿತಿ ನೋಡಿ ಮನೆಯಿಂದ ಕೆಲಸ ಮಾಡಲು ಒಪ್ಪಿದ್ದರು. ಷರತ್ತು ಒಂದೇ: ತಿಂಗಳಿಗೆ ಆರು ಸಲಕ್ಕಿಂತ ಹೆಚ್ಚು ಕನೆಕ್ಷನ್ ಕಡಿದುಹೋದರೆ ಆಫೀಸಿಗೇ ಬರಬೇಕು. ಬರಬೇಕು ಎಂದರೆ ಕೆಲಸ ಬಿಡಬೇಕು ಎಂದೇ ಅರ್ಥ. ಅತ್ತೆಯನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನ ಸಂಬಳವಿಲ್ಲದೆ ಆ ಮನೆ ನಡೆಯುವಂತಿರಲಿಲ್ಲ.

ಮೊದಲ ದಿನ ಕೇಬಲ್ ಅಣ್ಣ ಬಂದವರು ಎರಡು ಕೋಣೆಯ ಗೋಡೆಗಳನ್ನೂ ಕುಟ್ಟಿ, "ರೂಟರ್ ಎಲ್ಲಿಟ್ಟಿದೀರಾ ತಾಯಿ?" ಎಂದರು. ನಾನು ಅದನ್ನು ಷೋಕೇಸಿನ ಗಾಜಿನೊಳಗೆ, ಸ್ಟೀಲ್ ಲೋಟಗಳ ಹಿಂದೆ, ಧೂಳು ಕೂರಬಾರದೆಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದೆ. ಅವರು ಬಟ್ಟೆ ಎತ್ತಿ ನೋಡಿ, "ಮದುವಣಗಿತ್ತಿ ಕೂರ್ಸಿದಂಗೆ ಕೂರ್ಸಿದೀರಲ್ಲ! ಉಸಿರು ಕಟ್ಟಿ ಸಾಯ್ತದೆ ಇದು" ಎಂದು ನಕ್ಕರು.

"ಇದು ಹಳೇದಾಯ್ತು ಅಣ್ಣ. ಆರು ಆಂಟೆನಾ ಇರೋದೊಂದು ಆಫರ್‌ನಲ್ಲಿದೆ, ತಗೊಳ್ಳೋಣ ಅಂತಿದೀನಿ" ಎಂದು ಮೊಬೈಲ್ ತೋರಿಸಿದೆ.

"ಕೊಂಬು ಎಣಿಸ್ಕೊಂಡು ಯಾರಾದ್ರೂ ಎಮ್ಮೆ ತಗೊತಾರಾ?" ಎಂದರು. "ನಿಮ್ ಮನೆ ಇರೋದು ಇಷ್ಟು. ನಿಮ್ ಪ್ಲಾನು ಐವತ್ತು ಎಂಬಿ ಸ್ಪೀಡಿಂದು. ಐವತ್ತು ಬರೋ ಪೈಪಿಗೆ ಐನೂರರ ನಲ್ಲಿ ಯಾಕೆ? ಎರಡು ದಾರಿ ಇರೋ ಚಿಕ್ಕದೊಂದು ತಗೊಳ್ಳಿ, ಡ್ಯುಯಲ್ ಬ್ಯಾಂಡ್ ಅಂತಾರೆ. ಒಂದು ದಾರಿ ದೂರ ಓಗ್ತದೆ, ಆದ್ರೆ ಈ ಬಿಲ್ಡಿಂಗ್‌ನೋರೆಲ್ಲ ಅದ್ರಲ್ಲೇ ಓಡಾಡ್ತಾರೆ, ಬರೀ ನೂಕುನುಗ್ಗಲು. ಇನ್ನೊಂದು ಜೋರು, ಗೋಡೆ ಕಂಡ್ರೆ ಕುಂತ್ಬಿಡ್ತದೆ. ಅದಕ್ಕೇ ಮೊದ್ಲು ಜಾಗ ನೋಡ್ಬೇಕು, ಆಮೇಲೆ ರೂಟರ್ರು."

ಅಂಗಡಿಯಲ್ಲಿ ಸಾವಿರ ಚಿಲ್ಲರೆಯ ಚಿಕ್ಕದೊಂದನ್ನು ಕೊಟ್ಟರು. ಹೊರಕೋಣೆಯಲ್ಲಿ, ನಾನು ಕೆಲಸ ಮಾಡುವ ಒಳಕೋಣೆಯ ಬಾಗಿಲಿಗೆ ಎದುರಾಗಿ, ಸ್ವಿಚ್ ಬೋರ್ಡಿನ ಪಕ್ಕ ಗೋಡೆಗೆ ಹಾಕಿದರು. ಒಂದು ತಿಂಗಳು ಚಿಂತೆಯಿಲ್ಲದೆ ಕಳೆಯಿತು.

ಆಮೇಲೆ ಶುರುವಾಯಿತು ನೋಡಿ. ಕೋಣೆಯ ಬಾಗಿಲು ಹಾಕಿಕೊಂಡು ಯಾವುದೋ ಆಸ್ಪತ್ರೆಯವರ ಜೊತೆ ಮಾತಾಡುತ್ತಿರುವಾಗ ಇದ್ದಕ್ಕಿದ್ದಂತೆ ನೆಟ್ ಹೋಗುತ್ತಿತ್ತು. ಎದ್ದು ಹೊರಗೆ ಓಡಿ ಬಂದರೆ ರೂಟರ್ ಆಗಲೇ ಪುನಃ ಶುರುವಾಗುತ್ತಿರುತ್ತಿತ್ತು. ಲೈಟುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಅತ್ತೆ ಮೂಲೆಯಲ್ಲಿ ನಿಂತಿರುತ್ತಿದ್ದರು. ತಾನಾಗಿಯೇ ಆರಿ ತಾನಾಗಿಯೇ ಹೊತ್ತಿಕೊಳ್ಳುವ ದರಿದ್ರ ರೂಟರ್ ಎಂದು ನಾನು ತೀರ್ಮಾನಿಸಿದೆ. ಕೇಬಲ್ ಅಣ್ಣನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅವರು ಅಡಾಪ್ಟರ್ ಬದಲಾಯಿಸಿದರು, ಕಂಬದಿಂದ ಬರುವ ವೈರ್ ಬದಲಾಯಿಸಿದರು. ಪ್ರಯೋಜನವಾಗಲಿಲ್ಲ. ನನಗೆ ಹಟ ಬಂತು. ಅವರಿಗೆ ಹೇಳದೆ ಆ ಆರು ಕೊಂಬಿನದನ್ನೇ ತರಿಸಿದೆ. ಮುಂಭಾಗದಲ್ಲಿ ಉದ್ದಕ್ಕೂ ನೀಲಿ ಲೈಟು, ಕತ್ತಲಲ್ಲಿ ಪೂರಾ ಗೋಡೆ ನೀಲಿಯಾಗುತ್ತಿತ್ತು. ಚಿಕ್ಕದನ್ನು ಬಿಚ್ಚಿ ಡಬ್ಬಿಗೆ ಹಾಕಿದೆ. ವಾರಕ್ಕೆ ಒಂದು ಸಲ ಹೋಗುತ್ತಿದ್ದ ನೆಟ್ ಈಗ ದಿನಕ್ಕೊಂದು ಸಲ ಹೋಗತೊಡಗಿತು. ಐದನೇ ಸಲಕ್ಕೆ ಮ್ಯಾನೇಜರಿಂದ ಎಚ್ಚರಿಕೆಯ ಇಮೇಲ್ ಬಂತು. ಆ ವಾರದೊಳಗೆ ಲೆಕ್ಕ ಆರನ್ನು ದಾಟಿತು.

ಆ ದಿನ ಫೋನಿನಲ್ಲಿ ಅತ್ತುಬಿಟ್ಟೆ. ಮರುದಿನ ಬೆಳಿಗ್ಗೆ ಕೇಬಲ್ ಅಣ್ಣ ಬಂದರು. ಆರು ಕೊಂಬಿನದನ್ನು ನೋಡಿದರು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅದರ ಎದುರು ಕೂತರು.

"ಕಾಯಿಲೆ ಬಂದಾಗ ಡಾಕ್ಟ್ರು ಪಕ್ಕದಲ್ಲಿರ್ಬೇಕು ತಾಯಿ. ನೀವು ಒಳಗೋಗಿ ಕೆಲ್ಸ ಮಾಡ್ಕಳಿ, ನಾನು ಕುಂತಿರ್ತೀನಿ."

ಒಳಗೆ ಕೂತು ಹೆಡ್‌ಫೋನ್ ತೆಗೆದಾಗಲೆಲ್ಲ ಅವರಿಬ್ಬರ ಮಾತು ಕೇಳುತ್ತಿತ್ತು. ಟೊಮೆಟೊ ರೇಟು, ಮಾಲೂರಿನ ಹೆಂಚು, ಯಾವ ಕೆರೆಯಲ್ಲಿ ಎಷ್ಟು ನೀರಿತ್ತು ಎಂದು. ಅತ್ತೆ ಐದು ನಿಮಿಷಕ್ಕೊಮ್ಮೆ "ನಿಂದು ಯಾವೂರಪ್ಪಾ?" ಎಂದು ಕೇಳುತ್ತಿದ್ದರು. ಪ್ರತಿ ಸಲವೂ ಅವರು ಅದೇ ಮೊದಲ ಸಲ ಕೇಳಿದಂತೆ, "ಇದೇ ಊರು ಕಣವ್ವಾ. ಕೆರೆ ಕಡೀಗೆ ನಮ್ಮನೆ" ಎನ್ನುತ್ತಿದ್ದರು. ಹತ್ತು ಸಲವಾದರೂ ಕೇಳಿರಬೇಕು. ನಾನಾಗಿದ್ದರೆ ಎರಡನೇ ಸಲಕ್ಕೇ ರೇಗುತ್ತಿದ್ದೆ. ಎಷ್ಟೋ ದಿನಗಳಿಂದ ನಾನು ಅತ್ತೆಯ ಪ್ರಶ್ನೆಗಳಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದೆ.

ಹನ್ನೊಂದೂವರೆಗೆ ನೆಟ್ ಹೋಯಿತು. ಕುರ್ಚಿ ತಳ್ಳಿ, ಬಾಗಿಲು ಬಡಿದು, ಕೂಗಾಡುತ್ತಲೇ ಹೊರಗೆ ಬಂದೆ. ಕೇಬಲ್ ಅಣ್ಣ ನನಗೂ ಅತ್ತೆಗೂ ನಡುವೆ ನಿಂತಿದ್ದರು. ಅತ್ತೆ ಅವರ ಬೆನ್ನ ಹಿಂದೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ನನ್ನ ದನಿಗೆ ಅವರು ಹಾಗೆ ಮುದುರಿಕೊಳ್ಳುವುದು ಹೊಸದೇನಲ್ಲ.

"ಸಿಕ್ತು ತಾಯಿ" ಎಂದರು ಕೇಬಲ್ ಅಣ್ಣ. "ತಪ್ಪು ನಂದೇ. ಇಲ್ಲಿ ಆಕ್ಬಾರ್ದಿತ್ತು."

ಮಧ್ಯಾಹ್ನದೊಳಗೆ ಎಲ್ಲ ಬದಲಾಯಿಸಿದರು. ಡಬ್ಬಿಯಲ್ಲಿದ್ದ ಚಿಕ್ಕ ರೂಟರನ್ನು ನನ್ನ ಕೋಣೆಯ ಸಜ್ಜೆಯ ಮೇಲಿಟ್ಟು, ಕಂಬದಿಂದ ಬರುವ ಫೈಬರ್ ವೈರನ್ನು ಅಲ್ಲಿಗೇ ಎಳೆದು, ಲ್ಯಾಪ್‌ಟಾಪಿಗೆ ನೇರ ಕೇಬಲ್ ಕೊಟ್ಟರು. ಆರು ಕೊಂಬಿನದು ಹೊರಕೋಣೆಯಲ್ಲಿ ಇದ್ದಲ್ಲೇ ಇತ್ತು.

"ಇಷ್ಟು ದುಡ್ಡು ಕೊಟ್ಟಿದ್ದು ಹೊರಗೆ, ಚಿಕ್ಕದು ಒಳಗಾ?" ಎಂದೆ.

"ಅದು ಸಪೋರ್ಟ್‌ಗೆ ಅಲ್ಲೇ ಇರ್ಲಿ. ಮುಟ್ಬೇಡಿ" ಎಂದರು.

ನನಗೆ ಇನ್ನೊಂದು ಕೆಲಸ ಆಗಬೇಕಿತ್ತು. ಫ್ರಿಜ್ಜಿನ ಮೇಲಿದ್ದ ಹೊಸ ಚಿಲಕವನ್ನು ತಂದು ಅವರ ಕೈಗಿಟ್ಟೆ. ಹಿಂದಿನ ವಾರ ತರಿಸಿದ್ದು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಅತ್ತೆ ನನ್ನ ಬಾಗಿಲು ತಟ್ಟುತ್ತಿದ್ದರು, ಗ್ಯಾಸ್ ತಿರುಗಿಸುತ್ತಿದ್ದರು. ಕೆಲಸದ ಹೊತ್ತಿನಲ್ಲಿ ಅವರನ್ನು ಅಡುಗೆಮನೆ ಪಕ್ಕದ ಚಿಕ್ಕ ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕುವುದೆಂದು ತೀರ್ಮಾನಿಸಿದ್ದೆ. ಗಂಡನನ್ನು ಕೇಳಿದಾಗ, "ನಿನ್ನಿಷ್ಟ" ಎಂದು ಮುಖ ತಿರುಗಿಸಿದ್ದ.

"ನಿಮ್ಮತ್ರ ಡ್ರಿಲ್ ಇದೆಯಲ್ಲ ಅಣ್ಣ, ಇದನ್ನ ಆ ರೂಮಿನ ಬಾಗಿಲಿಗೆ ಹಾಕ್ಕೊಟ್ಬಿಡಿ. ಹೊರಗಡೆಯಿಂದ."

ಅವರು ಚಿಲಕವನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಒರಗಡೆಯಿಂದಾನಾ?" ಎಂದರು.

"ಹೂಂ."

"ಡ್ರಿಲ್ಲಿನ ಮೊನೆ ಮುರಿದೋಗಿದೆ. ನಾಳೆ ಬಂದು ಆಕ್ತೀನಿ" ಎಂದು ಚಿಲಕವನ್ನು ತಮ್ಮ ಬ್ಯಾಗಿಗೆ ಹಾಕಿಕೊಂಡರು.

ಹೋಗುವ ಮೊದಲು ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ನನ್ನ ಕಂಪನಿಗೆ ಒಂದು ಪತ್ರ ಬರೆದುಕೊಟ್ಟರು. ಈ ತಿಂಗಳು ಕನೆಕ್ಷನ್ ಕಡಿದುಹೋದದ್ದೆಲ್ಲ ನಮ್ಮ ಲೈನಿನ ದೋಷದಿಂದ, ಗ್ರಾಹಕರದು ತಪ್ಪಿಲ್ಲ, ಈಗ ಸರಿಪಡಿಸಿದ್ದೇವೆ ಎಂದು. ಕೆಳಗೆ ಸಹಿ, ಮೊಹರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಮೂಲದ ಫೋಟೋ ಸಮೇತ ಕಳಿಸಿದೆ. ಮ್ಯಾನೇಜರ್ ಒಪ್ಪಿದರು. ಆಮೇಲೆ ಒಮ್ಮೆಯೂ ನೆಟ್ ಹೋಗಲಿಲ್ಲ.

ಚಿಲಕ ಮಾತ್ರ ಬರಲಿಲ್ಲ. ಫೋನ್ ಮಾಡಿದರೆ ಒಂದು ದಿನ ಡ್ರಿಲ್ಲಿನ ಮೊನೆ ತಂದಿಲ್ಲ ಎನ್ನುತ್ತಿದ್ದರು, ಇನ್ನೊಂದು ದಿನ ಚಿಲಕದ ಅಳತೆ ಸರಿಯಿಲ್ಲ ಎನ್ನುತ್ತಿದ್ದರು, ಮತ್ತೊಂದು ದಿನ ಅದು ಎಲ್ಲಿಟ್ಟೆನೋ ಕಾಣುತ್ತಿಲ್ಲ ಎನ್ನುತ್ತಿದ್ದರು. ಒಂದು ಗಂಟೆ ತಡ ಮಾಡದ ಮನುಷ್ಯ ತಿಂಗಳುಗಟ್ಟಲೆ ಸತಾಯಿಸಿದರು. ವಯಸ್ಸಾಯಿತು ಪಾಪ ಎಂದುಕೊಂಡೆ. ಬೇರೆ ಯಾರನ್ನಾದರೂ ಕರೆಸಬೇಕೆಂದುಕೊಳ್ಳುತ್ತಲೇ ದಿನ ತಳ್ಳಿದೆ.

ಎಂಟು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಆಫೀಸಿನ ಆನ್‌ಲೈನ್ ಟ್ರೈನಿಂಗ್ ರದ್ದಾಯಿತು. ಬಾಟಲಿಗೆ ನೀರು ತುಂಬಿಸೋಣ ಎಂದು ಎದ್ದೆ. ಸೆಖೆ ಎಂದು ಅಂದು ನನ್ನ ಕೋಣೆಯ ಬಾಗಿಲು ತೆರೆದೇ ಇತ್ತು. ಅತ್ತೆ ಆರು ಕೊಂಬಿನ ರೂಟರ್ ಮುಂದೆ ನಿಂತಿದ್ದರು. ಆ ಕಡೆ ಈ ಕಡೆ ನೋಡಿ ಸ್ವಿಚ್ ಒತ್ತಿದರು. ನೀಲಿ ಲೈಟು ಆರಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಅಲ್ಲಿನ ಲೈಟು ಆರಿಸಿದರು, ಬಚ್ಚಲಿನದು ಆರಿಸಿದರು. ಮಾಲೂರಿನ ಶಾಲೆಯಲ್ಲಿ ಸಂಜೆ ಮಕ್ಕಳು ಹೋದ ಮೇಲೆ ಒಂದೊಂದೇ ಕೋಣೆಗೆ ಹೋಗಿ ಲೈಟು, ಫ್ಯಾನು ಆರಿಸಿ ಬರುವುದು ಅವರ ಕೆಲಸವಾಗಿತ್ತು. ಊರು ಮರೆತರೂ, ಮಗನ ಹೆಸರು ಆಗಾಗ ಮರೆತರೂ ಆ ಕೆಲಸವನ್ನು ಅವರು ಮರೆತಿರಲಿಲ್ಲ.

"ಅತ್ತೇ!" ಎಂದು ಕಿರುಚಿದೆ. ಅವರು ಬೆಚ್ಚಿಬಿದ್ದು, ಓಡೋಡಿ ಬಂದು, ಸ್ವಿಚ್ಚನ್ನು ಮತ್ತೆ ಹಾಕಿದರು.

ಲ್ಯಾಪ್‌ಟಾಪ್ ನೋಡಿದೆ. ನೆಟ್ ಓಡುತ್ತಲೇ ಇತ್ತು. ಆರು ಕೊಂಬಿನದನ್ನು ಗೋಡೆಯಿಂದ ಎತ್ತಿ ಹಿಂದೆ ನೋಡಿದೆ. ಕರೆಂಟಿನ ಕರಿ ವೈರು ಒಂದೇ. ಬೇರೆ ಯಾವುದಕ್ಕೂ ಅದನ್ನು ಜೋಡಿಸಿರಲಿಲ್ಲ. ಆಗೆಲ್ಲ ನೆಟ್ ಆರಿಸುತ್ತಿದ್ದದ್ದು ಯಾರೆಂದೂ, ಅದು ಕೇಬಲ್ ಅಣ್ಣನಿಗೆ ಅಂದೇ ಗೊತ್ತಾಗಿತ್ತೆಂದೂ ನನಗೆ ಒಟ್ಟಿಗೇ ಅರ್ಥವಾಯಿತು.

ಭಾನುವಾರ ಗಂಡ ಮನೆಯಲ್ಲಿದ್ದಾಗ ಅಂಗಡಿಗೆ ಹೋದೆ. ಕೇಬಲ್ ಅಣ್ಣ ಒಬ್ಬರೇ ಕೂತು ವೈರಿನ ತುದಿ ಸುಲಿಯುತ್ತಿದ್ದರು.

"ಯಾಕೆ ಹೇಳ್ಲಿಲ್ಲ ಅಣ್ಣ?" ಎಂದೆ.

ತಲೆ ಎತ್ತಲಿಲ್ಲ. "ಅವತ್ತು ಏಳಿದ್ರೆ ಏನ್ ಮಾಡ್ತಿದ್ರಿ?" ಎಂದರು. ಅವರೇ ಮುಂದುವರಿಸಿದರು. "ಅವ್ರು ಆರ್ಸಿದ್ದು ನೋಡ್ದೆ. ನಿಮ್ ಕುರ್ಚಿ ಸದ್ದಾಗ್ತಿದ್ದಂಗೆ ಎದ್ರುಕೊಂಡು ತಿರ್ಗಾ ಆಕ್ಬಿಟ್ರು. ಬ್ಯಾಟರಿ ಇಟ್ಟು ಕೊಡ್ಬೋದಿತ್ತು. ಆದ್ರೆ ಸ್ವಿಚ್ ಒತ್ತಿದ್ರೂ ಲೈಟು ಆರ್ದಿದ್ರೆ ವೈರನ್ನೇ ಕಿತ್ತಾಕ್ತಾರೆ. ಅವ್ರಿಗೆ ಆರ್ಸೋಕೆ ಒಂದು ಲೈಟು ಬೇಕಾಗಿತ್ತು, ಅಷ್ಟೇ."

"ಚಿಲಕ?" ಎಂದೆ.

ಮೇಜಿನ ಡ್ರಾಯರ್ ಎಳೆದರು. ಕವರಿನ ಸಮೇತ ಚಿಲಕ ಅಲ್ಲೇ ಇತ್ತು. ತೋರಿಸಿ ಮತ್ತೆ ಮುಚ್ಚಿದರು. ವೈರು ಸುಲಿಯುತ್ತಲೇ ಹೇಳಿದರು.

"ನಮ್ಮವ್ವಂಗೂ ಇಂಗೇ ಆಗಿತ್ತು. ಆಗ ದಿನವೆಲ್ಲ ಕಂಬದ ಮೇಲೇ ಇರ್ತಿದ್ದೆ. ಎಂಡ್ರು ಗಾರ್ಮೆಂಟ್ಸ್‌ಗೆ ಓಗೋಳು. ರೂಮಲ್ಲಿ ಬಿಟ್ಟು ಒರಗಡೆಯಿಂದ ಚಿಲಕ ಆಕ್ಕೊಂಡೋಗ್ತಿದ್ದೆ. ಒಂದಿನ ಮದ್ಯಾನ ಊಟಕ್ಕೆ ಬಂದು ಚಿಲಕ ತೆಗ್ದೆ. ಬಾಗ್ಲಿಗೆ ಒರಗಿ ಕುಂತಂಗೇ ಪ್ರಾಣ ಓಗ್ಬಿಟ್ಟಿತ್ತು. ಬಾಗ್ಲು ತೆಗೀತಿದ್ದಂಗೆ ನನ್ ಕಾಲ್ ಮೇಲೆ ಬಿದ್ಲು."

ಅಷ್ಟು ಹೇಳಿ ನನ್ನ ಮುಖ ನೋಡಿದರು. "ನೀನು ಆ ಕೆಲ್ಸ ಮಾಡ್ಬೇಡ ಕಣಮ್ಮ" ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ಅದನ್ನು ಕೇಳಿ ನಾನು ದೇವತೆಯಾಗಿಬಿಟ್ಟೆ ಎಂದು ಹೇಳಿಕೊಳ್ಳುವುದಿಲ್ಲ. ಅದೇ ಮನೆ, ಅದೇ ಬೀಗ, ಕಿಟಕಿಯಾಚೆ ಅದೇ ಪೈಪು. ಅತ್ತೆಯ ಪ್ರಶ್ನೆಗೆ ಐದು ಸಲ ಸಮಾಧಾನದಿಂದ ಉತ್ತರ ಕೊಟ್ಟು ಆರನೇ ಸಲಕ್ಕೆ ಕೂಗುತ್ತಿದ್ದೆ, ಈಗಲೂ ಕೂಗುತ್ತೇನೆ. ಆದರೆ ಎದ್ದು ಹೊರಗೆ ಬರುವಾಗ ಕುರ್ಚಿಯನ್ನು ಸದ್ದಾಗದಂತೆ ಸರಿಸುವುದನ್ನು ಕಲಿತೆ.

ಈ ವರ್ಷ ಯುಗಾದಿ ಕಳೆದ ವಾರವೇ ಕೇಬಲ್ ಅಣ್ಣ ಹೋದರು. ಬೆಳಿಗ್ಗೆ ಎದೆನೋವು ಬಂತಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನಮ್ಮ ಬಿಲ್ಡಿಂಗಿನ ಗ್ರೂಪಿನಲ್ಲಿ ಸುದ್ದಿ ಬಂತು. ಅದರ ಕೆಳಗೇ ಯಾರೋ, "ಇನ್ಮೇಲೆ ನೆಟ್ ಕಂಪ್ಲೇಂಟ್ ಯಾರಿಗೆ ಕೊಡೋದು?" ಎಂದು ಹಾಕಿದ್ದರು. ನನಗೆ ಉರಿದುಹೋಯಿತು. ಆಮೇಲೆ ನೋಡಿದರೆ ನನ್ನ ಮನಸ್ಸಿಗೆ ಬಂದ ಎರಡನೇ ಯೋಚನೆಯೂ ಅದೇ ಆಗಿತ್ತು.

ಆಗ ಹನ್ನೊಂದು ಗಂಟೆ. ಎರಡಕ್ಕೆ ಎತ್ತುತ್ತಾರೆ ಎಂದರು. ಗಂಡ ಶಿಫ್ಟಿನಲ್ಲಿದ್ದ. ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿಲ್ಲ. ಹೊರಗಿನಿಂದ ಬೀಗ ಹಾಕಿ ಅರ್ಧ ಗಂಟೆಯಲ್ಲಿ ಹೋಗಿ ಬರಬಹುದಿತ್ತು. ಹಾಗೆ ಯೋಚಿಸಿದ್ದಕ್ಕೇ ನಾಚಿಕೆಯಾಯಿತು. ಸಾವಿಗೆ ಹೋಗಬೇಕು ಎಂದು ಮ್ಯಾನೇಜರಿಗೆ ಒಂದು ಸಾಲು ಬರೆದು ಲಾಗೌಟ್ ಆದೆ. ಅತ್ತೆಗೆ ಸೀರೆ ಸರಿಪಡಿಸಿ, ತಲೆ ಬಾಚಿ, ಬೀಗ ತೆಗೆದು ಬಾಗಿಲನ್ನು ಪೂರ್ತಿ ತೆರೆದೆ.

ಅವರು ಹೊಸ್ತಿಲ ಮುಂದೆ ನಿಂತುಬಿಟ್ಟರು. ಮೆಟ್ಟಿಲು ನೋಡಿದರು, ನನ್ನ ಮುಖ ನೋಡಿದರು.

"ಓಗ್ಬೋದಾ?" ಎಂದು ಕೇಳಿದರು.

ಕೈ ಹಿಡಿದುಕೊಂಡು ಇಳಿಸಿದೆ. ಬೀದಿಯಲ್ಲಿ ಅವರು ನಿಧಾನಕ್ಕೆ, ಪ್ರತಿ ಅಂಗಡಿಯನ್ನೂ ನೋಡುತ್ತ ನಡೆದರು. ಕೇಬಲ್ ಅಣ್ಣನ ಮನೆ ಮುಂದೆ ಶಾಮಿಯಾನ ಹಾಕಿ ಅವರನ್ನು ಮಲಗಿಸಿದ್ದರು. ನೋಡಲು ಬಂದವರು ಹೂವಿನ ಹಾರ ಹಾಕಿ, ಒಂದು ಸುತ್ತು ಬಂದು ಹೋಗುತ್ತಿದ್ದರು.

"ಯಾರು?" ಎಂದರು ಅತ್ತೆ.

"ಕೇಬಲ್ ಅಣ್ಣ, ಅತ್ತೆ. ನಮ್ಮನೆಗೆ ಬರ್ತಿದ್ರಲ್ಲ."

ಬಹಳ ಹೊತ್ತು ಆ ಮುಖವನ್ನೇ ನೋಡಿದರು. "ನನ್ ಜೊತೆ ಕುಂತಿದ್ದ" ಎಂದರು. ಆಮೇಲೆ ನನ್ನ ಕೈ ಬಿಡಿಸಿಕೊಂಡು, ಹೆಂಗಸರಿಗೆಂದು ಹಾಸಿದ್ದ ಜಮಖಾನೆಯ ಮೇಲೆ, ಕೇಬಲ್ ಅಣ್ಣನ ತಲೆಯ ಪಕ್ಕ ಕೂತುಬಿಟ್ಟರು.

ನನ್ನ ಕೈಯಿಂದ ಆಗಿಹೋಗುತ್ತಿದ್ದ ಒಂದು ಕೆಟ್ಟ ಕೆಲಸವನ್ನು ಆ ಮನುಷ್ಯ ಎಂಟು ತಿಂಗಳು ಸುಳ್ಳು ಹೇಳಿ ತಪ್ಪಿಸಿದರು. ಬದುಕಿದ್ದಾಗ ಅದನ್ನು ಅವರಿಗೆ ಬಾಯಿ ಬಿಟ್ಟು ಹೇಳಲಿಲ್ಲ. ಬ್ಯಾಗಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡಿತು, ಮ್ಯಾನೇಜರದೇ ಇರಬೇಕು. ನಾನು ಅತ್ತೆಯ ಪಕ್ಕ ಕೂತೆ. ಎರಡು ಗಂಟೆಗೆ ಗಂಡಸರು ಬಂದು ಎತ್ತುವವರೆಗೂ ಅತ್ತೆ ಏಳಲಿಲ್ಲ, ನಾನೂ ಏಳಿ ಎನ್ನಲಿಲ್ಲ.